ಏಳನೇ ವಲಯದ ಪರವಾನಗಿ

ಕೊಪ್ಪಳದ ಕಡೆಯ ಊರುಗಳು ಬಿಸಿಲಿಗೆ ಖಾಲಿಯಾಗಿ, ಜನ ಉತ್ತರದ ಹಿಮಸೀಮೆಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಅಲ್ಲಿ ಕುದುರೆಗಿಂತ ಎತ್ತರದ ಮೂಸ್ ಎಂಬ ಕಡವೆಯನ್ನು ಮನೆಗೆ ವರ್ಷಕ್ಕೊಂದರಂತೆ ಬೇಟೆಯಾಡಬಹುದಿತ್ತು. ಅದರ ಮಾಂಸದ ಮೊದಲ ತುತ್ತು ತಿಂದವರಿಗೆ ಮಾತ್ರ, ಆ ಪ್ರಾಣಿ ಬದುಕಿನಲ್ಲಿ ಕಂಡಿದ್ದೆಲ್ಲ ಒಮ್ಮೆ ಕಣ್ಣ ಮುಂದೆ ಹಾದುಹೋಗುತ್ತಿತ್ತು. ಹೆಚ್ಚಾಗಿ ಹಿಮ, ತೊಗಟೆ, ನೊಣ. ಹಾಗಾಗಿ ಆ ತುತ್ತನ್ನು ಪಕ್ಕದವರ ತಟ್ಟೆಗೆ ದಾಟಿಸುವುದು ಮನೆಮನೆಯ ತಮಾಷೆಯಾಗಿತ್ತು.

ಹುಲಿಗೆವ್ವ ಅರಣ್ಯ ಕಚೇರಿಯ ಕಿಟಕಿಯಲ್ಲಿ ಏಳನೇ ವಲಯದ ಬೇಟೆ ಪರವಾನಗಿ ಕೇಳಿದಳು.

"ಬ್ಯಾಡ ಬಿಡಬೇ ಯಕ್ಕಾ," ಎಂದ ಗುಮಾಸ್ತ ಮೌನೇಶ. "ಅಲ್ಲಿ ಉಳದಿರೋದು ನಾಕೋ ಐದೋ ಮುದಿ ಮೂಸು. ಸಿಗಲಿಲ್ಲಂದ್ರ ಚಳಿಗಾಲಕ್ಕ ಏನ್ ತಿಂತಿ? ಮೂರನೇ ವಲಯ ತಗೋ, ಕೊಬ್ಬಿದವು ಅದಾವ."

"ನನಗ ಮುದೀದೇ ಬೇಕು."

"ಮಾಂಸ ಹಳೇ ಚಪ್ಪಲಿ ಇದ್ದಂಗ ಇರತೈತಿ."

"ನನ್ನ ಹಲ್ಲು ನಿನ್ನವಕ್ಕಿಂತ ಗಟ್ಟಿ ಅದಾವ, ತಮ್ಮಾ."

ಮೌನೇಶ ನಗುತ್ತ ಹಳೆಯ ರಿಜಿಸ್ಟರ್ ತಿರುವಿದ. ಒಂಬತ್ತು ವರ್ಷದ ಹಿಂದೆ ಅವಳ ಗಂಡ ಓಬಳೇಶ ಏಳನೇ ವಲಯಕ್ಕೇ ಹೋಗಿದ್ದ. ಮರಳಿದ ಗುರುತು ಇರಲಿಲ್ಲ. ಮೌನೇಶನ ನಗು ನಿಂತಿತು.

"ನಿನ್ನ ಗಂಡನ್ನ ನೋಡಿದ ಮೂಸೇ ಸಿಗತೈತಿ ಅಂತ ಏನ್ ಗ್ಯಾರಂಟಿ?"

"ಏನೂ ಇಲ್ಲ. ಆದ್ರ ಮುಂದಿನ ವರ್ಷಕ್ಕ ಆ ಮುದಿ ಮೂಸೂ ಇರಂಗಿಲ್ಲ."

ಅವನು ಮುದ್ರೆ ಒತ್ತಿ ಕಾಗದ ಕೊಟ್ಟ. "ಮೊದಲ ತುತ್ತು ಕುಂತು ತಿನ್ನಬೇ. ಗಂಡನ ಮುಖ ಕಂಡ್ರ ತಲಿ ತಿರುಗಿ ಬಿದ್ದೀ."

"ಆ ತುತ್ತು ನನಗಲ್ಲ," ಎಂದಳು ಹುಲಿಗೆವ್ವ, ಕಾಗದ ಮಡಚುತ್ತ. "ನನಗ ಅವನ ಮುಖ ನೆನಪೈತಿ. ಅಂವ ಹೋದಾಗ ಮಗಳು ಹೊಟ್ಟ್ಯಾಗಿದ್ಲು."