ಸತ್ತವನ ಮೇಲಿನ ಹೊಟ್ಟೆಕಿಚ್ಚು

ಅಟ್ಟದ ಹಲಗೆಯ ಸಂದಿಗೆ ಕಣ್ಣು ಹಚ್ಚಿ ಮಲಗಿದವನಿಗೆ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ಕೆಳಗೆ ಪರದೆಯ ಹಿಂದೆ ನಜಮಾ ಮತ್ತೆ ಅಳುತ್ತಿದ್ದಳು. ಸತ್ತ ಮಲೀಕಸಾಬನಿಗಾಗಿ.

ತಾನು ಚಳಿಜ್ವರದಲ್ಲಿ ನರಳಿದಾಗ ಇವಳ ಕಣ್ಣಲ್ಲಿ ಒಂದು ಹನಿ ಕಂಡಿರಲಿಲ್ಲ.

ನಿನ್ನೆ ತಡೆಯಲಾರದೆ ಕೇಳಿಯೇಬಿಟ್ಟಿದ್ದ. "ಅವನ ಮ್ಯಾಲ ಅಷ್ಟ ಪ್ರೀತಿ ಇತ್ತೇನ?"

"ಸತ್ತವರ ಮ್ಯಾಲ ಹೊಟ್ಟಿಕಿಚ್ಚೇನ್ರಿ?" ನಜಮಾ ನಕ್ಕಿದ್ದಳು. "ಸತ್ತವರೇ ಚಲೋ. ಉಪ್ಪು ಕಮ್ಮಿ ಅನ್ನಂಗಿಲ್ಲ."

ಅವನು ಕೆಮ್ಮುವಂತಿರಲಿಲ್ಲ. ಗಂಡ ಸತ್ತು ಇದ್ದತ್ತಿನ ಸೂತಕ ಹಿಡಿದು ಕೂತ ಹೆಂಗಸಿನ ಮೇಲೆ ಪರಗಂಡಸಿನ ನೆರಳೂ ಬೀಳಬಾರದು. ಅಂಥ ಮನೆಯ ಅಟ್ಟದಲ್ಲಿ ಗಂಡಸು ಸಿಕ್ಕರೆ? ಅದೂ ಬಾಗಿಲಲ್ಲಿ ಫೌಜುದಾರ ಕೂತಿರುವಾಗ?

ಇಂಗ್ರಜಿ ಸಾಹೇಬರ ಮೊಕ್ಕಾಮು ಬಂದಾಗಲೆಲ್ಲ ನೇಕಾರರನ್ನು ಮಗ್ಗದಿಂದ ಎಬ್ಬಿಸಿ ಬಿಟ್ಟಿಯಾಗಿ ಡೇರೆ ಹೊರಿಸುತ್ತಿದ್ದರು. ಇಳಕಲ್ಲಿಗೆ ಅದು ಸಾಕಾಗಿತ್ತು. ಆ ವಿಚಾರಕ್ಕೆ ಸಭೆ ಸೇರಿದವರನ್ನು ಫೌಜುದಾರ ಹುನಗುಂದಕ್ಕೆ ಒಯ್ದು ಜೇಲಿಗೆ ಹಾಕಿದ. ಐದು ಜನ ಒಂದೆಡೆ ನಿಲ್ಲಕೂಡದೆಂದು ಡಂಗುರ ಸಾರಿಸಿದ. ಮದುವೆಗೆ, ಸಾವಿಗೆ ಮಾತ್ರ ಮಾಫಿ.

ಆಮೇಲೆ ಒಂದು ದಿನ ಓಣಿಯ ನೇಕಾರ ಹಣಮಪ್ಪ ಕಲಾದಗಿಯಿಂದ ಸುದ್ದಿ ತಂದ. ಸೀರೆ ಮಾರಲು ಜೊತೆಗೆ ಹೋಗಿದ್ದ ಮಲೀಕಸಾಬನನ್ನು ಉಕ್ಕಿದ ಘಟಪ್ರಭೆ ಹೆಣವೂ ಸಿಗದಂತೆ ನುಂಗಿತ್ತು. ಇಂದು ನಲವತ್ತನೆಯ ದಿನದ ಕಾರ್ಯ. ಪಡಸಾಲೆಯ ತುಂಬ ಓಣಿಯ ನೇಕಾರರು. ಬಿಟ್ಟಿಯ ಮಾತು ಇಂದೇ ತೀರಬೇಕು. ನಾಳೆ ಮೊಕ್ಕಾಮು ಬರುತ್ತದೆ. ಆದರೆ ಬಾಗಿಲಲ್ಲಿ ಫೌಜುದಾರನ ಕಿವಿ.

"ಮಲೀಕಸಾಬನಂಥ ಮನಷ್ಯಾ ಇನ್ನ ಹುಟ್ಟಂಗಿಲ್ಲ," ಹಣಮಪ್ಪ ಎದ್ದು ನಿಂತ. "ಹುಲಿ ಇದ್ದಾಂಗ ಇದ್ದ!"

ಹುಲಿಯಂತೆ, ಹುಲಿ! ಮಲೀಕಸಾಬ ನಾಲ್ಕು ಜನರ ಮುಂದೆ ಬಾಯಿ ಬಿಟ್ಟವನಲ್ಲ. ಅದು ಅಟ್ಟದವನಷ್ಟು ಚೆನ್ನಾಗಿ ಯಾರಿಗೆ ಗೊತ್ತು? ಇದ್ದಾಗ ಕೇಳುವವರಿರಲಿಲ್ಲ, ಸತ್ತದ್ದೇ ಹುಲಿಯಾದ. ಇಲ್ಲಿ ಬದುಕಿರುವವನು ಆ ಹುಲಿಯ ಹಳೆ ಅಂಗಿ ತೊಟ್ಟು ಬಿದ್ದಿದ್ದಾನೆ. ಅಂಗಿ ಮಾತ್ರ ಮೈಗೆ ಸರಿಯಾಗಿತ್ತು.

ಲೋಬಾನದ ಹೊಗೆ ಅಟ್ಟಕ್ಕೇರಿತು. ಬಾಯಿಗೆ ರುಮಾಲು ತುರುಕಿಕೊಂಡರೂ ಕೆಮ್ಮು ಒಮ್ಮೆ ತಪ್ಪಿಸಿಕೊಂಡಿತು.

ಫೌಜುದಾರ ತಲೆಯೆತ್ತಿದ. "ಮ್ಯಾಲೇನದು?"

"ಇಲಿ, ಸಾಹೇಬ್ರ," ಎಂದ ಹಣಮಪ್ಪ. "ಗಂಡಸಿಲ್ಲದ ಮನಿ ನೋಡ್ರಿ."

ಕೆಳಗೆ ಹಾರಿ ಹಣಮಪ್ಪನ ಮೀಸೆ ಕೀಳಬೇಕೆನಿಸಿತು. ಹುನಗುಂದದ ಜೇಲು ನೆನಪಾಯಿತು. ಹೊರಳದೆ ಮಲಗಿದ. ನಜಮಾ ಇನ್ನೂ ಜೋರಾಗಿ ಅತ್ತಳು. ಅವಳ ಹೆಗಲು ಮಾತ್ರ ನಗುವವರ ಹೆಗಲಿನಂತೆ ಕುಣಿಯುತ್ತಿತ್ತು.

"ಮಲೀಕಸಾಬ ಕಡೀಕ ನನಗ ಒಂದ ಮಾತ ಹೇಳಿದ," ಹಣಮಪ್ಪ ಮುಂದುವರಿಸಿದ. "'ಮಗ್ಗ ಬಿಟ್ಟು ಏಳಬ್ಯಾಡ್ರಿ. ಯಾರ ಡೇರೆನೂ ಹೊರಬ್ಯಾಡ್ರಿ.'"

ಫೌಜುದಾರ ಧಡಕ್ಕನೆ ಎದ್ದ. "ಏನಲೇ, ಸಭಾ ನಡಸೀಯೇನ?"

"ಸತ್ತವನ ಮಾತರಿ. ನಂದಲ್ಲ. ಬೇಡಿ ಹಾಕೂದಿದ್ರ ಅವಗ ಹಾಕ್ರಿ."

ಫೌಜುದಾರ ಗೊಣಗುತ್ತ ಮತ್ತೆ ಕೂತ.

ಅಟ್ಟದವನಿಗೆ ಮೈಯೆಲ್ಲ ಉರಿ. ಮಲೀಕಸಾಬ ಅಂಥ ಮಾತು ಆಡಿಯೇ ಇರಲಿಲ್ಲ! ಆಡದ ಮಾತಿಗೂ ಅವನಿಗೇ ಹೆಸರು!

"ಅವನ ಮಾತ ನಡಸೋರು ಕೈ ಎತ್ತಿ ದುವಾ ಮಾಡ್ರಿ," ಎಂದ ಹಣಮಪ್ಪ.

ಪಡಸಾಲೆಯ ಕೈಗಳೆಲ್ಲ ಮೇಲೆದ್ದವು. ಮುಸಲ್ಮಾನರು, ಹಿಂದೂಗಳು, ಒಂದೇ ದನಿಯಲ್ಲಿ: "ಆಮೀನ್!" ಸತ್ತವನ ಮನೆಯಲ್ಲಿ ಕೂತ ಮೇಲೆ ಏನು ಮಾಡುವುದು? ಫೌಜುದಾರನೂ ಕೈ ಎತ್ತಿದ.

ಊಟ ಮುಗಿಸಿ ಜನ ಕರಗಿದರು. ಕೊನೆಗೆ ಫೌಜುದಾರನ ಬೂಟಿನ ಸದ್ದೂ ಓಣಿಯ ತಿರುವಿನಲ್ಲಿ ನಿಂತಿತು. ನಜಮಾ ಬಾಗಿಲ ಚಿಲಕ ಹಾಕಿ, ಕಣ್ಣೊರೆಸಿಕೊಂಡು, ಅಟ್ಟಕ್ಕೆ ಏಣಿ ಹಚ್ಚಿದಳು.

"ಇಳೀರಿ ಕೆಳಗ. ನಿಮ್ಮ ನಲವತ್ತನೇ ದಿನದ ಊಟ ಆರಾಕತ್ತೈತಿ."