ಮೊದಲ ಆಯ್ಕೆಯ ಹಕ್ಕು

ಮೊದಲ ಆಯ್ಕೆಯ ಹಕ್ಕನ್ನು ಶ್ರೀವಿದ್ಯಾ ಇಷ್ಟು ಸಲೀಸಾಗಿ ಬಿಟ್ಟುಕೊಡುತ್ತಾಳೆಂದರೆ ಇದರಲ್ಲಿ ಏನೋ ಮಸಲತ್ತಿದೆ ಎಂದು ಶಿವಪುತ್ರಪ್ಪನವರಿಗೆ ಅನ್ನಿಸಿತು. ಅವಳು ಮೆಲ್ಬರ್ನ್ ಕನ್ನಡಿಗರ ಬಾಸ್ಕೆಟ್‌ಬಾಲ್ ತಂಡದ ಮ್ಯಾನೇಜರ್. ಇವರು ಸಿಡ್ನಿ ತಂಡದ ಮ್ಯಾನೇಜರ್.

"ನಿಮ್ಮ ಗಿರೀಶನ್ನ ಕೊಡಿ ಅಂಕಲ್. ಈ ವರ್ಷದ ಫಸ್ಟ್ ಪಿಕ್ ನೀವೇ ತಗೊಳ್ಳಿ."

"ಮೊದಲನೇ ಪಿಕ್ ಅಂದ್ರ ಆ ಬೆಳಗಾವಿ ಸಂಜು. ಅವನ್ನ ಬಿಡ್ತೀ ಏನವಾ?"

"ನಮಗೆ ಪಾಯಿಂಟ್ ಹಾಕೋ ಸ್ಕೋರರ್ ಬೇಕು, ಅಷ್ಟೇ."

ಪಿಆರ್, ಅಂದರೆ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಪರವಾನಗಿ, ಸಿಕ್ಕಿ ಹೊಸದಾಗಿ ಬರುವ ಆಟಗಾರರ ಪಟ್ಟಿ ಪ್ರತಿ ಜನವರಿಯಲ್ಲಿ ಎರಡೂ ತಂಡಗಳ ಕೈಸೇರುತ್ತಿತ್ತು. ಒಂದು ವರ್ಷ ಸಿಡ್ನಿ ಮೊದಲು ಆರಿಸಿದರೆ ಮರುವರ್ಷ ಮೆಲ್ಬರ್ನ್. ಆರಿಸಿದವರೇ ಹುಡುಗನ ಮೂರು ತಿಂಗಳ ಮನೆ, ಊಟ ನೋಡಿಕೊಳ್ಳಬೇಕು. ಈ ಸಲದ, ಅಂದರೆ 2006ರ ಪಟ್ಟಿಯಲ್ಲಿ ಸಂಜುವಿನ ಹೆಸರಿನ ಮುಂದೆ ಆರಡಿ ಎರಡಿಂಚು ಎಂದಿತ್ತು.

ಸಿಡ್ನಿ ಸತತ ನಾಲ್ಕು ವರ್ಷ ಸೋತಿತ್ತು. ರಿಂಗಿನ ಕೆಳಗೆ ಚೆಂಡು ಹಿಡಿಯುವ ಎತ್ತರದವನೊಬ್ಬನೂ ಇರಲಿಲ್ಲ. ಐದನೇ ಸಲ ಸೋತರೆ ತಂಡವನ್ನೇ ಬಿಡುತ್ತೇನೆಂದು ಶಿವಪುತ್ರಪ್ಪ ದೀಪಾವಳಿ ಊಟದಲ್ಲಿ ಎಲ್ಲರೆದುರು ಹೇಳಿಬಿಟ್ಟಿದ್ದರು. ಹೇಳಿದ ಮೇಲೆ ನಿದ್ದೆ ಬಂದಿರಲಿಲ್ಲ. ಆ ತಂಡ ಬಿಟ್ಟರೆ ಅವರಿಗೆ ಬೇರೆ ಗೀಳಿರಲಿಲ್ಲ.

ಆಯ್ಕೆಗೆ ಮೊದಲು ಆಟಗಾರನ ಜೊತೆ ಮಾತಾಡುವಂತಿಲ್ಲ, ಅವನ ಮನೆಯವರ ಹತ್ತಿರವೂ ಆಟದ ಸುದ್ದಿ ಎತ್ತುವಂತಿಲ್ಲ ಎಂಬುದು ನಿಯಮ. ಶಿವಪುತ್ರಪ್ಪ ನಿಯಮ ಮುರಿಯುವ ಆಸಾಮಿಯಲ್ಲ, ಬಳಸಿಕೊಂಡು ಹೋಗುವವರು. ಸಿಡ್ನಿಯ ಎಪ್ಪಿಂಗ್ ಬಡಾವಣೆಯ ತಮ್ಮ ಮನೆಯಿಂದ ಬೆಳಗಾವಿಗೆ, ಸಂಜುವಿನ ತಾಯಿ ರುದ್ರಾಣಿಯವರಿಗೆ ಫೋನ್ ಮಾಡಿದರು.

"ಹುಡುಗನ ಬಗ್ಗೆ ವಿಚಾರಸೂದಿತ್ರಿ. ಕಾಲು, ಮೊಣಕಾಲು ಏನೂ ತೊಂದ್ರಿ ಇಲ್ಲಲ್ರಿ?"

"ಕಲ್ಲ ಗುಂಡ ಇದ್ದಂಗ ಅದಾನ್ರಿ. ಕುಡಿಯೂದಿಲ್ಲ, ಸೇದೂದಿಲ್ಲ."

"ನಮಗ ಎತ್ತರನ ಮುಖ್ಯ ನೋಡ್ರಿ."

"ಹಂಗಿದ್ರ ಆರಡಿ ನಾಕ ಇಂಚ ಅಂತ ತಿಳ್ಕೋರಿ."

ಶಿವಪುತ್ರಪ್ಪನವರಿಗೆ ಎದೆ ತುಂಬಿ ಬಂತು. ರುದ್ರಾಣಿಯವರು ಮನೆಯವರ ಕ್ಷೇಮ ಕೇಳಿದರು. ಮಗಳು ಸಂಧ್ಯಾರಾಣಿ ಏನು ಓದಿದ್ದಾಳೆಂದು ಕೇಳಿದರು. ಫಾರ್ಮಸಿ ಎಂದು ಇವರು ಹೇಳಿದರು. ಒಳ್ಳೆಯ ಮನೆತನದವರು, ಎಷ್ಟು ಅಕ್ಕರೆಯಿಂದ ವಿಚಾರಿಸುತ್ತಾರೆ ಎಂದುಕೊಂಡರು.

ಮರುದಿನವೇ ಒಪ್ಪಂದವಾಯಿತು. ಗಿರೀಶ ಆಫೀಸಿನಲ್ಲಿ ಟ್ರಾನ್ಸ್‌ಫರ್ ಕೇಳಿ ಮೆಲ್ಬರ್ನಿಗೆ ಹೊರಟ. "ಪಂದ್ಯಕ್ಕೆ ಇಪ್ಪತ್ತು ಪಾಯಿಂಟ್ ಹಾಕಿಕೊಡ್ತಿದ್ದೆ ಅಂಕಲ್," ಎಂದಷ್ಟೇ ಹೇಳಿದ. ಶಿವಪುತ್ರಪ್ಪ ಸಂಜುವಿಗಾಗಿ ಉದ್ದನೆಯ ಮಂಚ ಕೊಂಡರು.

ಮಾರ್ಚಿನಲ್ಲಿ ಇಡೀ ತಂಡ ಸಿಡ್ನಿ ಏರ್‌ಪೋರ್ಟಿನಲ್ಲಿ ನಿಂತಿತ್ತು. ಒಂದು ಟ್ರಾಲಿ ಬಂತು. ಎರಡು ಸೂಟ್‌ಕೇಸುಗಳ ಹಿಂದೆ ಅದನ್ನು ತಳ್ಳುವವರು ಯಾರೂ ಕಾಣಲಿಲ್ಲ. ಟ್ರಾಲಿ ಹತ್ತಿರ ಬಂದು ನಿಂತ ಮೇಲೆ ಹಿಂದಿನಿಂದ ಸಂಜು ಹೊರಬಂದ. ಬಗ್ಗಿ ಶಿವಪುತ್ರಪ್ಪನವರ ಕಾಲು ಮುಟ್ಟಿದ. ಅದಕ್ಕೆ ಅವನು ಹೆಚ್ಚು ಬಗ್ಗಬೇಕಾಗಿರಲಿಲ್ಲ.

"ಅವ್ವ ಸೀರಿ ಕಳಿಸ್ಯಾಳ್ರಿ ಮಾಮಾ," ಎಂದು ಸುತ್ತ ನೋಡಿದ. "ಸಂಧ್ಯಾರಾಣಿ ಬಂದಿಲ್ಲೇನ್ರಿ?"

ಶಿವಪುತ್ರಪ್ಪ ಕಂಬದ ಮರೆಗೆ ಹೋಗಿ ಮೆಲ್ಬರ್ನಿಗೆ ಫೋನ್ ಹಚ್ಚಿದರು. "ನಿನಗ ಮೊದಲೇ ಗೊತ್ತಿತ್ತೇನವಾ?"

"ಹೋದ ವರ್ಷ ಬೆಂಗಳೂರಲ್ಲಿ ಸಂಜು ಮನೆಯವರ ಜೊತೆ ನನ್ನನ್ನ ಹೆಣ್ಣು ನೋಡೋಕೆ ಬಂದಿದ್ರು ಅಂಕಲ್," ಎಂದಳು ಶ್ರೀವಿದ್ಯಾ. "ಬಯೋಡೇಟಾದಲ್ಲಿ ಆರಡಿ ಎರಡಿಂಚು, ಪಕ್ಕದಲ್ಲಿ ನಿಂತಾಗ ನನ್ನ ಕಿವಿವರೆಗೆ ಬಂದ್ರು."