ಉಡಿಯ ಅಕ್ಕಿಯನ್ನೂ ಬಿಡಲಿಲ್ಲ...

ಇದನ್ನು ಓದಿ ಯಾರಿಗಾದರೂ ಉಗಿಯಬೇಕು ಅನ್ನಿಸಿದರೆ ಮೊದಲು ನನಗೇ ಉಗಿಯಿರಿ... ಆ ದಿನ ಚೀಲದ ಬಾಯಿ ಹಿಡಿದು ನಿಂತವನು ನಾನೇ.

ನಮ್ಮ ಎಂಎಲ್‌ಎ ಸಾಹೇಬರ ಹೆಂಡತಿ ನೀಲಾಂಬಿಕಾ ಮೇಡಂ. ಒಳ್ಳೆಯ ಹಾಡುಗಾರ್ತಿ. ನಾನು ಅವರಿಗೆ ಹಾರ್ಮೋನಿಯಂ ನುಡಿಸುವವನು.

ಬೆಳಿಗ್ಗೆ ರಿಯಾಜ್, ಮಧ್ಯಾಹ್ನ ಬಡವರ ಸೇವೆ, ಸಂಜೆ ಮನೆ-ಮಕ್ಕಳು... "ಎಲ್ಲವನ್ನೂ ಸರಿದೂಗಿಸುವ ತಾಯಿ" ಅಂತ ಊರ ತುಂಬ ಫ್ಲೆಕ್ಸ್ ಬೇರೆ!

ಹೋದ ವರ್ಷ ನಾಲ್ಕು ಊರುಗಳಲ್ಲಿ ಬಡ ಹೆಂಗಸರಿಗೆ ಹೊಲಿಗೆ ಮಷೀನ್ ಹಂಚುವ ಕಾರ್ಯಕ್ರಮ. ಊರಿಗೆ ಹತ್ತು.

ಮೇಡಂ ಸುಮ್ಮನೆ ಕೊಡುತ್ತಿರಲಿಲ್ಲ. ಸೋಬಾನ ಪದ ಹಾಡುತ್ತ, ಒಬ್ಬೊಬ್ಬರ ಸೆರಗಿಗೂ ಅಕ್ಕಿ, ತೆಂಗಿನಕಾಯಿ, ರವಿಕೆ ಖಣ ಹಾಕಿ ಉಡಿ ತುಂಬುತ್ತಿದ್ದರು.

ಫೋಟೋ... ಚಪ್ಪಾಳೆ... ಮೇಡಂ ಕಾರು ಹೊರಟಿತು.

ಆಮೇಲೆ ಸಾಹೇಬರ ಪಿಎ ಶಿವನಗೌಡ ಕೂಗಿದ, "ಏ, ಮಷೀನ್ ಎಲ್ಲಾ ಟೆಂಪೋಕ್ಕ ಏರಿಸ್ರಿ! ನಾಳೆ ಮುಂದಿನ ಊರಾಗ ಬೇಕು!"

ಹೌದು... ನಾಲ್ಕೂ ಊರಿಗೆ ಅದೇ ಹತ್ತು ಮಷೀನ್.

ಮಷೀನ್ ಹೋಗಲಿ. "ಉಡಿ ಸಾಮಾನೂ ಇಸ್ಕೊಳ್ರಿ" ಅಂದ ಪುಣ್ಯಾತ್ಮ! ನಮ್ಮ ಕಡೆ ತುಂಬಿದ ಉಡಿಯನ್ನು ವೈರಿಯೂ ವಾಪಸ್ ಕೇಳುವುದಿಲ್ಲ. ಇವರು ಸೆರಗು ಕೊಡವಿಸಿ ಅಕ್ಕಿ ಸುರಿಸಿಕೊಂಡರು.

ನಾನು ಚೀಲ ಹಿಡಿದೆ. ಕೆಲಸ ಹೋದೀತೆಂದು ತುಟಿ ಪಿಟಕ್ಕೆನ್ನಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ಮೇಡಂಗೆ ಇದು ಗೊತ್ತಿರಲಿಲ್ಲ... ಒಮ್ಮೆಯೂ ತಿರುಗಿ ಕೇಳಲೂ ಇಲ್ಲ.

ಎರಡು ತಿಂಗಳ ನಂತರ ಮೇಡಂ ಮಗಳ ಕುಬಸ, ಅಂದರೆ ಸೀಮಂತ. ಏಳು ತಿಂಗಳ ಬಸುರಿ, ಹಸಿರು ಸೀರೆ, ಕೈ ತುಂಬ ಹಸಿರು ಬಳೆ. ಮುತ್ತೈದೆಯರು ಉಡಿ ತುಂಬುತ್ತಿದ್ದರು, ಮೇಡಂ ಹಾಡುತ್ತಿದ್ದರು.

ಅಷ್ಟರಲ್ಲಿ ಬಾಗಿಲಲ್ಲಿ ಯಮನವ್ವ. ಮಷೀನ್ "ಪಡೆದ" ಹೆಂಗಸರಲ್ಲಿ ಒಬ್ಬಳು. ಕೈಯಲ್ಲೊಂದು ಪುಟ್ಟ ಗಂಟು.

ಮೇಡಂ ಗುರುತು ಹಿಡಿದು ನಕ್ಕರು. "ಬಾರವ್ವ ಯಮನವ್ವ! ಹೊಲಿಗಿ ಹೆಂಗ ನಡದೈತಿ?"

"ಯಾವ ಹೊಲಿಗಿರೀ ಅಕ್ಕಾರ... ಮಷೀನ್ ಬರ್ತೈತಂತ ಓಣಿಯವರ ಹನ್ನೊಂದು ಜಂಪರ್ ಅರಿವಿ ಹೊಲಿಯಾಕ ಇಸ್ಕೊಂಡಿದ್ದೆ. ನಿಮ್ಮ ಕಾರ್ ಹೋದ ಕೂಡ್ಲೇ ಮಷೀನ್ ಹೊಳ್ಳಿ ಒಯ್ದ್ರು. ತಲಿ ತಗ್ಗಿಸ್ಕೊಂಡು ಎಲ್ಲಾರ ಅರಿವಿ ವಾಪಸ್ ಕೊಟ್ಟ ಬಂದೆ."

ಶಿವನಗೌಡ ಓಡಿ ಬಂದ. "ಏ, ನಡಿ ಹೊರಗ!"

"ಹೋಗ್ತೀನಿ, ತಡೀರಿ... ಮಷೀನ್ ಕೇಳಾಕ ಬಂದಿಲ್ರೀ ಅಕ್ಕಾರ. ಅವತ್ತ ನೀವು ತುಂಬಿದ ಉಡಿ ಬರಿದು ಮಾಡಿ ಕಳಿಸಿದ್ರು. ನಿಮ್ಮದು ಬಸುರಿ ಇರೋ ಮನಿ. ಆ ಪಾಪ ಈ ಕೂಸಿಗೆ ತಟ್ಟಬಾರ್ದು ಅಂತ ನಮ್ಮ ಮನಿ ಅಕ್ಕಿ ತಂದೇನ್ರಿ. ಐದು ಮುಷ್ಟಿ ಹಾಕಿ ಹೋಗಿಬಿಡ್ತೀನಿ."

ಮೇಡಂ ಮಗಳೇ ಅಳುತ್ತ ಎದ್ದು ಸೆರಗು ಒಡ್ಡಿದಳು. ಯಮನವ್ವ ಐದು ಮುಷ್ಟಿ ಎಣಿಸಿ ಹಾಕಿದಳು.

ಮೇಡಂ ನನ್ನ ಕಡೆ ತಿರುಗಿದರು. "ಮಾಸ್ತರ... ಖರೇ ಏನಿದು?"

ಹೂಂ ಅಂದೆ. ಚೀಲ ಹಿಡಿದದ್ದನ್ನೂ ಹೇಳಿದೆ.

ಸಾಹೇಬರು ಗದರಿದರು. "ಮಂದಿ ಕುಂತಾರ, ಆಮ್ಯಾಲ ಮಾತಾಡೂಣು."

"ಮಂದಿ ಮುಂದನ ಕೊಟ್ಟೀವಿ, ಮಂದಿ ಮುಂದನ ಮಾತಾಡೂದು! ಹೇಸಿಗಿ ಬರ್ತೈತ್ರೀ ನನಗ... ನಾ ಹಾಡಿದ ಹಾಡಿನ ಮ್ಯಾಲೂ ಹೇಸಿಗಿ ಬರ್ತೈತಿ!"

ಹತ್ತೂ ಮಷೀನ್ ಸಾಹೇಬರದೇ ಗೋದಾಮಿನಲ್ಲಿದ್ದವು. ಕುಬಸಕ್ಕೆ ಉಟ್ಟ ರೇಷ್ಮೆ ಸೀರೆಯಲ್ಲೇ ಮೇಡಂ ಟೆಂಪೋ ಹತ್ತಿ ಕೂತರು. ಫೋಟೋದವನು ಹಿಂದೆ ಓಡಿ ಬಂದ. "ಕ್ಯಾಮೆರಾ ಒಳಗಿಡು" ಅಂದರು.

ಮೊದಲ ಮಷೀನ್ ಯಮನವ್ವನ ಮನೆಯಲ್ಲಿ ಇಳಿಯಿತು. ಮೇಡಂ ಮತ್ತೆ ಉಡಿ ತುಂಬಿದರು. ಈ ಸಲ ಹಾಡಲಿಲ್ಲ, ಐದು ಮುಷ್ಟಿ ಎಣಿಸಿ ಹಾಕಿದರು...

ಉಳಿದ ಮೂವತ್ತು ಮಷೀನ್‌ಗಳನ್ನು ಮೇಡಂ ಕೊಂಡು ತರಿಸಿದರು. ನಲವತ್ತೂ ಮನೆಗೆ ಮಷೀನ್ ಮುಟ್ಟುವವರೆಗೆ ಮೇಡಂ ಯಾವ ವೇದಿಕೆಯನ್ನೂ ಹತ್ತಲಿಲ್ಲ. ಪ್ರತಿ ಮನೆಗೂ ಅಕ್ಕಿ ಚೀಲ ಹೊತ್ತವನು ನಾನು.

ಯಮನವ್ವನ ಮನೆಯಲ್ಲಿ ಚೀಲ ಇಳಿಸುವಾಗ ಅವಳು ನನ್ನ ಮುಖ ನೋಡಿದಳು. ಕುಡಿಯಲು ನೀರು ತಂದಿಟ್ಟಳು... ಬೈದುಬಿಟ್ಟಿದ್ದರೇ ಚೆನ್ನಾಗಿತ್ತು.

*ಕೊಟ್ಟ ಮೇಲೆ ತಿರುಗಿ ನೋಡದ ಕೈಯೂ, ನೋಡಿ ಸುಮ್ಮನಿದ್ದ ಬಾಯಿಯೂ ಕಿತ್ತುಕೊಂಡವರ ಪಾಲುದಾರರೇ.*

ನಿಮ್ಮ ಫೋನಿನಲ್ಲೂ ದಾನ ಕೊಟ್ಟ ಫೋಟೋ ಒಂದು ಇರಬಹುದು... ಅದರಲ್ಲಿ ಕೈಯೊಡ್ಡಿ ನಿಂತವರ ಹೆಸರು ನಿಮಗೆ ಗೊತ್ತಿದೆಯೇ?